ಪಾರ್ಕಿನ ಗೇಟಿಗೆ ಬೀಗ

ನಾಗರಬಾವಿ ಎರಡನೇ ಹಂತ,
ಬೆಂಗಳೂರು
23 ಫೆಬ್ರವರಿ 2025

ಮುದ್ದು ತನೂ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಇವತ್ತು ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಮುನಿಸಿಕೊಂಡದ್ದು ಸರಿಯೇ. ವಸತಿ ಶಾಲೆಯ ಮಕ್ಕಳಿಂದ ಮನೆಗೆ ಕಾಗದ ಬರೆಸುವ ಟೀಚರು ತಾನೂ ಅಮ್ಮನಿಗೊಂದು ಬರೆದಿದ್ದಾಳೆ, ಅದಕ್ಕೆ ವಾಟ್ಸಾಪಿನಲ್ಲಿ ಎರಡು ಸಾಲು ತಟ್ಟಿ ಕಳಿಸಲು ಮನಸ್ಸು ಬರಲಿಲ್ಲ. ಪುರುಸೊತ್ತಾಗಿ ಕೂತು ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ಇಲ್ಲಿ ಏನೇನೋ ಆಗಿಹೋಯಿತು. ಅದನ್ನೇ ಹೇಳುತ್ತೇನೆ ಕೇಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಈಗ ವಾಸಿ. ಲಿಂಗಸುಗೂರಿನಲ್ಲಿ ಬಿಸಿಲು ಆಗಲೇ ಶುರುವಾಗಿರಬೇಕು, ಮಜ್ಜಿಗೆ ಕುಡಿ.

ನಿನ್ನ ಶಾಲೆಯ ಮಕ್ಕಳ ತಂದೆತಾಯಂದಿರಿಗೆ ಎಮ್ಮೆಲ್ಲೆಗೂ ಎಂಪಿಗೂ ವ್ಯತ್ಯಾಸ ಗೊತ್ತಿಲ್ಲ ಅಂತ ಬೇಜಾರು ಮಾಡಿಕೊಂಡು ಬರೆದಿದ್ದೆಯಲ್ಲ, 'ಬೆಂಗಳೂರಿನವರಿಗಾದರೂ ಗೊತ್ತಿರುತ್ತೆ, ಕೇಳಿ ನೋಡಮ್ಮ' ಅಂತ. ಜನವರಿ ಇಪ್ಪತ್ತಾರಕ್ಕೆ ಪಾರ್ಕಿನಲ್ಲಿ ಬಾವುಟ ಹಾರಿಸಿದಾಗ ಕೇಳಿಯೇಬಿಟ್ಟೆ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ಜಗನ್ನಾಥ, ಹಾರ್ಡ್‌ವೇರ್ ಅಂಗಡಿಯವರು, ಭಾಷಣದಲ್ಲಿ 'ಬ್ರಿಟಿಷರು ನಮಗೆ ಸ್ವಾತಂತ್ರ್ಯ ಕೊಟ್ಟ ಈ ಶುಭದಿನ' ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಬೂಂದಿ ಲಾಡು ಹಂಚುವಾಗ ಹತ್ತಿರ ಹೋಗಿ, "ಸಾರ್, ಅದು ಆಗಸ್ಟ್ ಹದಿನೈದಲ್ವಾ?" ಅಂದೆ.

"ಅಂಥಾ ವ್ಯತ್ಯಾಸ ಏನಿಲ್ಲ ಬಿಡಿ ಮೇಡಂ, ಎರಡು ದಿನಾನೂ ಬಾವುಟಾನೇ," ಅಂದರು.

ನಿಮ್ಮಪ್ಪನಿಗೆ ಸಂವಿಧಾನ ಜಾರಿಗೆ ಬಂದ ದಿನ ಅಂತ ಗೊತ್ತಿತ್ತು. ರಾಜ್ಯಸಭೆಗೆ ಸದಸ್ಯರನ್ನು ಯಾರು ಆರಿಸುತ್ತಾರೆ ಅಂತ ಕೇಳಿದೆ ನೋಡು, ಆಗ ಮಾತ್ರ ಮೈಕಿನವನಿಗೆ ಬಾಡಿಗೆ ಕೊಟ್ಟಾಯಿತೋ ಇಲ್ಲವೋ ಅನ್ನುವುದು ನೆನಪಾಗಿ ಆ ಕಡೆ ಹೊರಟರು. ನಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಅಂತ ಕೇಳಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು, ಜಗಳವೂ ಆಡಿದರು. ಕೊನೆಗೆ ನೋಡಿದರೆ ಪಾಲಿಕೆಗೆ ಚುನಾವಣೆಯೇ ಆಗದೆ ವರ್ಷಗಳಾಗಿವೆ, ಕಾರ್ಪೊರೇಟರೇ ಇಲ್ಲ. ನನಗೂ ಗೊತ್ತಿರಲಿಲ್ಲ ಕಣೇ. ಇಷ್ಟು ವರ್ಷ ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ದಿನಾ ಪೇಪರ್ ಓದಿದವಳು ನಾನು.

ಮುನಿತಾಯಮ್ಮ ನೆನಪಿದ್ದಾರಲ್ಲ, ಹಿಂದಿನ ಬೀದಿಯವರು. ಈ ಬಡಾವಣೆಯಾಗುವ ಮೊದಲು ಇಲ್ಲೆಲ್ಲ ಅವರ ಮಾವನ ಜಮೀನಿತ್ತಂತೆ. ಈಗ ಮೂರಂತಸ್ತಿನ ಮನೆ ಕಟ್ಟಿಸಿ ಲಾ ಕಾಲೇಜಿನ ಹುಡುಗಿಯರಿಗೆ ರೂಮು ಬಾಡಿಗೆಗೆ ಕೊಟ್ಟಿದ್ದಾರೆ. ದೇಶ ಆಳುವವರು ಯಾರು ಅಂತ ಅವರನ್ನೂ ಕೇಳಿದೆ. "ಯಾರಾಳಿದ್ರೂ ನಲ್ಲೀಲಿ ನೀರು ಬರೋದು ಅಷ್ಟೇಯ ಕಣಮ್ಮ, ಲಾಡು ತಿನ್ನು," ಅಂದರು.

ಹೀಗೆ ನಗುನಗುತ್ತಾ ಇದ್ದೆವು. ಅದೇ ಹೊತ್ತಿನಲ್ಲಿ ಜಗನ್ನಾಥ ಮತ್ತೆ ಮೈಕು ಹಿಡಿದು, ಪಾರ್ಕಿನಲ್ಲಿ ಹೊರಗಿನವರ ಕಾಟ ಜಾಸ್ತಿಯಾಗಿದೆ, ಬಾಡಿಗೆ ರೂಮಿನ ಹುಡುಗ ಹುಡುಗಿಯರು ಹರಟುತ್ತಾರೆ, ಕಟ್ಟಡ ಕೆಲಸದವರು ಮಧ್ಯಾಹ್ನ ಬಂದು ಮಲಗುತ್ತಾರೆ, ಇನ್ನು ಮೇಲೆ ಗೇಟಿಗೆ ಬೀಗ, ಸ್ವಂತ ಮನೆಯವರಿಗೆ ಮಾತ್ರ ಕಾರ್ಡು, ಮುಂದಿನ ಭಾನುವಾರ ಸಭೆಯಲ್ಲಿ ಠರಾವು ಎಂದು ಹೇಳಿದರು. ಆ ಠರಾವು ಬರೆದುಕೊಟ್ಟವರು ಯಾರು ಗೊತ್ತೇ? ಸಂಘದ ಕಾರ್ಯದರ್ಶಿಗಳು, ಅಂದರೆ ನಿಮ್ಮಪ್ಪ.

ಮಾರನೆಯ ದಿನ ಸಂಜೆ ವಾಕಿಂಗಿಗೆ ಹೋದಾಗ ಮುನಿತಾಯಮ್ಮನ ಬಾಡಿಗೆ ಹುಡುಗಿ ಕವನಾ ಪುಸ್ತಕ ಎತ್ತಿಕೊಂಡು ಗೇಟಿನಿಂದ ಆಚೆ ಬರುತ್ತಿದ್ದಳು. ಮುಖ ಕೆಂಪಗಿತ್ತು. ಬೆಂಚಿನ ಮೇಲೆ ಕೂತು ಓದುತ್ತಿದ್ದವಳನ್ನು, ಠರಾವು ಆಗುವ ಮೊದಲೇ, ಜಗನ್ನಾಥ ಎಬ್ಬಿಸಿ ಕಳಿಸಿದ್ದರು. ರೂಮಿನಲ್ಲಿ ನಾಲ್ಕು ಜನ, ಕಿಟಕಿ ಒಂದೇ. ಅವಳು ಇನ್ನೆಲ್ಲಿ ಓದಬೇಕು ಹೇಳು.

"ಹಂಗೆಲ್ಲ ಕಳಿಸ್ಬಹುದೇನಮ್ಮ? ನೀನು ಲಾ ಓದ್ತಿದೀಯಲ್ಲ," ಅಂದೆ.

"ಗೊತ್ತಿಲ್ಲ ಆಂಟಿ. ನಮಗಿನ್ನೂ ಆ ಪೇಪರ್ ಬಂದಿಲ್ಲ," ಅಂದಳು. ಅಳು ಬರುವಂತಿದ್ದವಳು ತನ್ನ ಮಾತಿಗೆ ತಾನೇ ನಕ್ಕುಬಿಟ್ಟಳು.

ಪಾರ್ಕು ಯಾರದು ಅನ್ನುವುದು ಲಾ ಓದುವವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೇಟಿನ ಮೇಲೆ ಸಂಘದ ಬೋರ್ಡಿದೆ, ಹಾಗಾಗಿ ಸಂಘದ್ದೇ ಇರಬೇಕು ಅಂದುಕೊಂಡು ಇಷ್ಟು ವರ್ಷ ತಿರುಗಾಡಿದ್ದೇನೆ. ಯಾರನ್ನಾದರೂ ಕೇಳೋಣ ಅಂತ ಮುನಿತಾಯಮ್ಮನನ್ನೂ ಕವನಾಳನ್ನೂ ಕರೆದುಕೊಂಡು ವಾರ್ಡ್ ಕಚೇರಿಗೆ ಹೋದೆ. ಅಲ್ಲಿ ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ತೋಟಗಾರಿಕೆಯವರ ಹತ್ತಿರ ಕಳಿಸಿದರು. ಎರಡು ದಿನ ಓಡಾಡಿದೆವು. ಕೊನೆಗೆ ಸಿಕ್ಕಿದ ಹೆಣ್ಣುಮಗಳು ಒಳ್ಳೆಯವಳು. ಕುರ್ಚಿ ಹಾಕಿಸಿ ಕೂರಿಸಿ, "ಅದು ಪಾಲಿಕೆ ಪಾರ್ಕು ಅಮ್ಮ. ಸಂಘದವ್ರು ಗಿಡಕ್ಕೆ ನೀರು ಹಾಕಿಸ್ತಾರೆ ಅಷ್ಟೇ. ತೆರೆದಿರೋ ಹೊತ್ತಲ್ಲಿ ಯಾರ್ ಬೇಕಾದ್ರೂ ಬರ್ಬಹುದು. ಕಾರ್ಡು ಗೀರ್ಡು ಮಾಡೋಕೆ ಅವ್ರಿಗೆ ಅಧಿಕಾರ ಇಲ್ಲ," ಅಂದಳು.

ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದೆವು. ಪರೀಕ್ಷೆ ಪಾಸಾದ ಹಾಗಿತ್ತು.

ಸಭೆಯ ದಿನ ಪಾರ್ಕಿನಲ್ಲಿ ಶಾಮಿಯಾನ ಹಾಕಿದ್ದರು. ನಿಮ್ಮಪ್ಪ ಎದ್ದುನಿಂತು ಠರಾವು ಓದಿದರು. ಅವರ ಕನ್ನಡ ನಿನಗೆ ಗೊತ್ತಲ್ಲ, ಬೀಗ ಹಾಕುವ ವಿಷಯವೂ ಅವರ ಬಾಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಯಾರಾದರೂ ಮಾತಾಡುವವರಿದ್ದೀರಾ ಅಂದರು. ನಾನು ಎದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವರ ಮಾತಿಗೆ ಎದುರು ಮಾತಾಡಿದ್ದು ಅದೇ ಮೊದಲು. ವಾರ್ಡ್ ಕಚೇರಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ.

ಜಗನ್ನಾಥ ಸುಮ್ಮನಾಗಲಿಲ್ಲ. "ಮೇಡಂ, ಕಾಂಪೌಂಡ್ ಕಟ್ಸಿದ್ದು ಯಾರು, ಬೆಂಚ್ ಹಾಕ್ಸಿದ್ದು ಯಾರು? ಪಾಲಿಕೆಯವ್ರಾ? ಇದು ನಮ್ ಪಾರ್ಕು," ಅಂದರು. ಹಲವರು ಹೌದೆಂದು ತಲೆಯಾಡಿಸಿದರು.

ಆಗ ಮುನಿತಾಯಮ್ಮ ಕೂತಲ್ಲಿಂದಲೇ ಮಾತಾಡಿದರು. "ನಿಮ್ ಪಾರ್ಕು ಎಂಗಾತದೆ ಸ್ವಾಮಿ? ಇದು ನಮ್ ರಾಗಿ ಹೊಲ. ಮದ್ವೆ ಆಗಿ ಬಂದ ವರ್ಷ ಇಲ್ಲೇ ಕಳೆ ಕಿತ್ತಿವ್ನಿ ನಾನು. ಸರ್ಕಾರದೋರು ಬಂದು ಎಲ್ಲಾರ್ಗೂ ಬೇಕು ಅಂತ ಕೇಳಿದ್ರು, ನಮ್ಮಾವ ಕೊಟ್ರು. ನಿಮಗೊಬ್ರಿಗೇ ಅಂದಿದ್ರೆ ರುಜೂನೇ ಹಾಕ್ತಿರ್ನಿಲ್ಲ."

ಅಲ್ಲಿ ಕೂತಿದ್ದ ನಮ್ಮಲ್ಲಿ ಎಷ್ಟು ಜನಕ್ಕೆ ನಮ್ಮ ಮನೆಯ ಕೆಳಗೆ ಯಾರ ಹೊಲವಿತ್ತು ಅನ್ನುವುದು ಗೊತ್ತಿತ್ತು? ನಾವು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ ಅಂತಲೇ ನಿನಗೂ ಹೇಳಿ ಬೆಳೆಸಿದ್ದೆವು.

ಕೈ ಎತ್ತಿಸಿ ಎಣಿಸಿದರು. ಠರಾವು ಬಿದ್ದುಹೋಯಿತು. ಬಿತ್ತು ಅಂತ ಮೈಕಿನಲ್ಲಿ ಹೇಳಬೇಕಾದವರು ಕಾರ್ಯದರ್ಶಿಗಳೇ, ನಿಮ್ಮಪ್ಪ ಹೇಳಿದರು, ಸ್ಪಷ್ಟವಾಗಿ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಬಂದು, "ಮೊದ್ಲೇ ನನಗೆ ಹೇಳ್ಬಹುದಿತ್ತಲ್ಲ ಕೋಕಿಲಾ," ಅಂದರು.

"ಹೇಳಿದ್ದೆ. ನೀವು ಪೇಪರ್ ಓದ್ತಿದ್ರಿ," ಅಂದೆ.

ಕಾಫಿ ಲೋಟ ಕೆಳಗಿಟ್ಟು ನಕ್ಕರು. ಒಳ್ಳೆಯ ಮನುಷ್ಯ ಕಣೇ ನಿಮ್ಮಪ್ಪ. ಮೊನ್ನೆ ತಾವೇ ನಿಂತು ಗೇಟಿನ ಬೋರ್ಡು ಬದಲಾಯಿಸಿದರು, 'ಸಾರ್ವಜನಿಕ ಉದ್ಯಾನ' ಅಂತ. ಜಗನ್ನಾಥ ಎರಡು ದಿನ ಬೇರೆ ದಾರಿಯಲ್ಲಿ ವಾಕಿಂಗ್ ಮಾಡಿ ಈಗ ಮತ್ತೆ ನಮ್ಮ ದಾರಿಗೇ ಬಂದಿದ್ದಾರೆ. ಕವನಾ ಅದೇ ಬೆಂಚಿನಲ್ಲಿ ಓದುತ್ತಾಳೆ. ಭಾನುವಾರ ಸಂಜೆ ನಾವು ಹೆಂಗಸರು ಕೆಲವರು ಅವಳನ್ನು ಸುತ್ತಿಕೊಂಡು ಕೂರುತ್ತೇವೆ, ಅವಳು ಸಂವಿಧಾನದಿಂದ ಒಂದೊಂದು ವಿಧಿ ಓದಿ ಹೇಳುತ್ತಾಳೆ. ಅರ್ಧ ಹೊತ್ತು ಸೊಸೆಯಂದಿರ ಮಾತೇ ಆಗುತ್ತದೆ, ಆದರೂ ನಡೆಯುತ್ತಿದೆ. ನೀನು ರಜೆಗೆ ಬಂದಾಗ ಪಾಠ ನಿನ್ನದು ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.

ನಿನ್ನ ಮಕ್ಕಳ ತಂದೆತಾಯಂದಿರ ಮೇಲೆ ಸಿಟ್ಟು ಮಾಡಬೇಡ. ಗೊತ್ತಿಲ್ಲದಿರುವುದರಲ್ಲಿ ನಾವೂ ಅವರೂ ಒಂದೇ. ಕೇಳಿದರೆ ಹೇಳುವವರು ಸಿಗುತ್ತಾರೆ, ಕೇಳಲು ಹೋಗಬೇಕು ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನೂ ನಿನ್ನ ಆ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಕೋಕಿಲಾ

ಮರೆತದ್ದು: ಮರೆತದ್ದೇನಲ್ಲ, ಬರೆಯುವುದೋ ಬೇಡವೋ ಅಂತ ಬಿಟ್ಟಿದ್ದೆ. ಠರಾವಿನ ವಿರುದ್ಧ ಇರುವವರು ಕೈ ಎತ್ತಿ ಅಂದಾಗ ನಾನೂ ಎತ್ತಿದೆ. ಜಗನ್ನಾಥ ಎಣಿಸುತ್ತಾ ಬಂದವರು ನನ್ನ ಮುಂದೆ ನಿಂತು, "ಮೇಡಂ, ಮನೆಗೊಂದೇ ಓಟು. ಸೈಟ್ ಯಾರ ಹೆಸ್ರಲ್ಲಿದೆಯೋ ಅವ್ರದ್ದು. ನಿಮ್ಮನೇದು ಸಾರ್ ಆಗಲೇ ಪರವಾಗಿ ಹಾಕಿದಾರೆ," ಅಂದರು. ಸುತ್ತಲಿದ್ದವರು ನಕ್ಕರು. ಮುನಿತಾಯಮ್ಮ ವಿಧವೆ, ಮನೆ ಅವರ ಹೆಸರಿನಲ್ಲಿದೆ, ಅವರ ಕೈ ಲೆಕ್ಕಕ್ಕೆ ಬಂತು. ಈ ದೇಶದ ಮೊದಲ ಚುನಾವಣೆಯಲ್ಲಿ ನನ್ನ ಅಜ್ಜಿ, ಹೆಬ್ಬೆಟ್ಟು ಒತ್ತುತ್ತಿದ್ದವರು, ಓಟು ಹಾಕಿ ಬಂದಿದ್ದರು. ನಾನು ನಿಮ್ಮಪ್ಪನ ಮುಖ ನೋಡಿದೆ. ಅವರೂ ಎಲ್ಲರ ಜೊತೆ ನಗುತ್ತಿದ್ದರು. ಕೆಟ್ಟ ನಗುವಲ್ಲ, ಆ ಮೇಲೆ ಅವರಿಗದು ನೆನಪೂ ಇರಲಿಕ್ಕಿಲ್ಲ. ನಾನು ಕೂದಲು ಸರಿಮಾಡಿಕೊಳ್ಳುವವಳ ಹಾಗೆ ಕೈ ಇಳಿಸಿದೆ. ಸಂಘದ ಲೆಕ್ಕದಲ್ಲಿ ನಮ್ಮ ಮನೆ ಪಾರ್ಕಿಗೆ ಬೀಗ ಹಾಕಿ ಅಂದಿದೆ ತನೂ.