ಖೈತಾನಿನಲ್ಲಿ ಹಿಮಾಲಯದ ಕೌಜುಗ

ಖೈತಾನ್, ಕುವೈತ್
ಫೆಬ್ರವರಿ 1997

ಪ್ರೀತಿಯ ಮಾಮಾ, ಸಲಾಂ.

ಹಿಮಾಲಯದಲ್ಲಿ ನೀವು ಅಷ್ಟು ಬೆಟ್ಟ ಹತ್ತಿಳಿದರೂ ಬರೀ ಕೂಗು ಕೇಳಿಸಿ, ಮುಖ ತೋರಿಸದ ಚುಕಾರ್ ಕೌಜುಗ ನನಗೆ ಸಿಕ್ಕಿತು! ಇಲ್ಲಿಯ ಶುಕ್ರವಾರದ ಸಂತೆಯಲ್ಲಿ, ಕೋಳಿಗಳ ಪಕ್ಕದ ಪಂಜರದಲ್ಲಿ. ನಿಮ್ಮ ಟಿಪ್ಪಣಿಗೆ ಸೇರಿಸಿ: ಕೊಕ್ಕು, ಕಾಲು ಹವಳಗೆಂಪು, ಕಣ್ಣಿನಿಂದ ಕೊರಳಿಗೆ ಇಳಿದ ಕಪ್ಪು ಸರ, ಪಕ್ಕೆಯಲ್ಲಿ ಪಟ್ಟೆ.

ಮನೆಗೆ ತಂದಾಗ ನನ್ನ ರೂಮಿನ ಸುಹೈಬ್, "ಬಿರಿಯಾನಿಗಾ ಭಾಯಿ?" ಎಂದು ಕೇಳಿದ. ಬೈದು ಸುಮ್ಮನಿರಿಸಿದೆ. ಇವತ್ತು ಬೆಳಿಗ್ಗೆ ಅದು ಬಾಲ್ಕನಿಯಿಂದ ಕೂಗಿತು ನೋಡಿ, ಎದುರು ಕಟ್ಟಡದಿಂದ ಇನ್ನೊಂದು ಚುಕಾರ್ ಉತ್ತರ ಕೊಟ್ಟಿತು!

ನನ್ನ ಕೆಮ್ಮು ವಾಸಿಯಾಗಿದೆ, ಉಮ್ಮನಿಗೆ ಹೇಳಿ. ಸುಹೈಬ್ ಇಸ್ತ್ರಿ ಅಂಗಿ ತೊಟ್ಟು, "ಯಲ್ಲಾ, ನಡಿ ಭಾಯಿ, ನಮ್ಮ ಕೌಜುಗಕ್ಕೆ ಎದುರು ಕಟ್ಟಡದ ಹೆಣ್ಣು ನೋಡಿ ಬರುವ" ಎಂದು ಬಾಗಿಲಲ್ಲಿ ನಿಂತಿದ್ದಾನೆ. ಹೊರಟೆ.

ನಿಮ್ಮ ನಿಝಾಮ್