ಬೆಸುಗೆ ಬಿಟ್ಟಿದೆ ಎಂದು ಬರೆಯಬೇಕಿತ್ತು

ಸಾಧನಾ ಶಕೆ ೬೩, ಮೂರನೆಯ ತ್ರೈಮಾಸಿಕ, ಆರನೆಯ ಗುರಿವಾರ.
ಗದಗ.

ನೂರೆಂಬತ್ತು ವರ್ಷಗಳ ಹಿಂದಿನ ಹಿರಿಯರಿಗೆ ಅಂದಾನಪ್ಪನ ಶರಣು.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳಿಗೆ ಹೆಸರಿಲ್ಲ, ತ್ರೈಮಾಸಿಕಗಳಷ್ಟೇ ಇವೆ. ವಾರವೆಂದರೆ ಗುರಿ ಮುಟ್ಟಬೇಕಾದ ಏಳು ದಿನ. ನಿಮ್ಮ ಎಣಿಕೆಯಲ್ಲಿ ಇದು ೨೨೦೫ನೇ ಇಸವಿಯ ಶ್ರಾವಣ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹನ್ನೆರಡು ವರ್ಷಗಳ ನಂತರ ಮೊದಲ ಸಲ ಕೈಯಿಂದ, ಯಾರೂ ತಿದ್ದದೆ ಬರೆಯುತ್ತಿದ್ದೇನೆ. ಇಲ್ಲಿ ಕಾಗದ ಅಪರೂಪ. ಇದು ಒಂದು ಪ್ರಶಸ್ತಿ ಪತ್ರದ ಬೆನ್ನು. ಯಾರ ಪ್ರಶಸ್ತಿ ಎಂಬುದನ್ನು ಮುಂದೆ ಹೇಳುತ್ತೇನೆ. ಸ್ಟೇಷನ್ ರಸ್ತೆಯಲ್ಲಿ ನಿಮ್ಮ ಕಾಲದ ಕೆಂಪು ಅಂಚೆ ಡಬ್ಬಿಯೊಂದು ಇನ್ನೂ ನಿಂತಿದೆ. ಅದನ್ನು ಯಾರೂ ತೆಗೆಯುವುದಿಲ್ಲ. ಹಿಂದಿನವರಿಗೆ ಹೇಳಬೇಕಾದದ್ದನ್ನು ಅದರಲ್ಲಿ ಹಾಕುವುದು ನಮ್ಮೂರಿನ ವಾಡಿಕೆ. ತಲುಪುತ್ತದೋ ಇಲ್ಲವೋ ಗೊತ್ತಿಲ್ಲ.

ನಮ್ಮ ಬದುಕಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಮನೆಗಳಲ್ಲಿ ಒಲೆ ಇಲ್ಲ. ಓಣಿ ಓಣಿಗೊಂದು ಸಾಮೂಹಿಕ ಅಡುಗೆಮನೆ ಇದೆ. ನಮ್ಮದರಲ್ಲಿ ಒಂಬತ್ತು ಸಾವಿರ ಜನರ ಅನ್ನ ಬಾಯ್ಲರ್‌ನ ಹಬೆಯಲ್ಲಿ ಬೇಯುತ್ತದೆ. ಪ್ರತಿ ಕಚೇರಿಯ ಬಾಗಿಲಲ್ಲಿ ಹದಗಾರ ಎಂಬ ಯಂತ್ರವಿದೆ. ಯಾರೇ ಏನೇ ಬರೆದು ಕಳಿಸಿದರೂ ಅದರ ಮೂಲಕವೇ ಹೋಗಬೇಕು. ಮನಸ್ಸಿಗೆ ಕಸಿವಿಸಿ ತರುವ ಪದ ಸಿಕ್ಕರೆ ಅದು ಕೆಂಪಾಗಿ, ಅರ್ಜಿಯನ್ನು ವಾಪಸು ಕಳಿಸುತ್ತದೆ. ಕೆಟ್ಟಿದೆ, ಒಡೆದಿದೆ, ಹಸಿವು, ಜ್ವರ, ಆಗುವುದಿಲ್ಲ, ಇವೆಲ್ಲ ವಾಪಸು ಬರುವ ಪದಗಳು. ಕೆಲಸದಿಂದ ತೆಗೆದರೆ ‘ಮುಂದಿನ ಎತ್ತರಕ್ಕೆ ಬಿಡುಗಡೆ’ ಎನ್ನಬೇಕು. ಶಾಲೆಯಲ್ಲಿ ಮಗು ನಪಾಸಾದರೆ ‘ಕಲಿಕೆಯ ಮರುಭೇಟಿ’. ಕೊನೆಗೆ ಇದು ಪಡಸಾಲೆಗೂ ಬಂತು. ನನ್ನ ಭಾವ ಅಡುಗೆಮನೆಯಿಂದ ಬಂದ ರೊಟ್ಟಿ ಸೀದಿದ್ದಕ್ಕೆ ‘ಬಣ್ಣದಲ್ಲಿ ಪ್ರಗತಿ ಕಂಡಿದೆ’ ಎಂದು ಹೇಳಿ ತಿನ್ನುತ್ತಿದ್ದ. ಅವನು ತಮಾಷೆಗೆ ಹೇಳುತ್ತಿದ್ದನೋ ನಿಜವಾಗಿಯೋ ಎಂದು ಕೊನೆಕೊನೆಗೆ ಅವನಿಗೇ ತಿಳಿಯುತ್ತಿರಲಿಲ್ಲ.

ಈ ಬೀಜ ಬಿತ್ತಿದವರು ನೀವೇ. ನಿಮ್ಮ ಮೀಟಿಂಗುಗಳ ದಾಖಲೆ ನಮ್ಮ ತರಬೇತಿಯಲ್ಲಿ ಪಠ್ಯ. ತೊಂದರೆಗೆ ‘ಚಾಲೆಂಜ್’ ಎಂದಿರಿ, ಪುರಸೊತ್ತಿಲ್ಲ ಎನ್ನಲು ‘ಬ್ಯಾಂಡ್‌ವಿಡ್ತ್ ಇಲ್ಲ’ ಎಂದಿರಿ, ಜನರನ್ನು ಮನೆಗೆ ಕಳಿಸಿ ‘ರೈಟ್‌ಸೈಜಿಂಗ್’ ಎಂದಿರಿ. ಒಳಗೊಳಗೆ ನಗುತ್ತಲೇ ಹೇಳಿದಿರಂತೆ. ನಗುತ್ತ ಹೇಳಿದ್ದನ್ನು ನಾವು ನಂಬಿ ಕಲಿತೆವು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲವೇ? ನಾವು ಅದನ್ನು ಕಾನೂನು ಮಾಡಿದೆವು, ಅಷ್ಟೇ.

ನಾನು ಅಡುಗೆಮನೆಯ ಕಚೇರಿಯಲ್ಲಿ ಪದಸಹಾಯಕ. ಹದಗಾರ ವಾಪಸು ಕಳಿಸಿದ ದೂರುಗಳಿಗೆ ಒಳ್ಳೆಯ ಮಾತಿನ ಅಂಗಿ ತೊಡಿಸಿ ಒಳಗೆ ಕಳಿಸುವುದು ನನ್ನ ಕೆಲಸ. ನೇರವಾಗಿ ಹೇಳುವುದಾದರೆ, ತಿಪ್ಪೆ ಸಾರಿಸುವುದು. ಅದರಲ್ಲಿ ನನ್ನ ಸಮ ಇನ್ನೊಬ್ಬನಿಲ್ಲ ಎಂಬ ಸೊಕ್ಕೂ ನನಗಿತ್ತು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ ಫಕೀರವ್ವ. ಒಂದು ದಿನ ಬಾಯ್ಲರ್‌ನ ಕೆಳಗಿನ ಬೆಸುಗೆ ಬಿಟ್ಟು ಹಬೆ ಸೋರುವುದನ್ನು ಕಂಡಳು. ‘ಬೆಸುಗಿ ಬಿಟ್ಟೈತಿ, ಸಿಡಿತೈತಿ’ ಎಂದು ಬರೆದು ಕಳಿಸಿದಳು. ಮೂರು ಸಲ ಕಳಿಸಿದಳು, ಮೂರು ಸಲವೂ ಕೆಂಪಾಗಿ ಮರಳಿತು. ಅಪ್ಪಣೆಯಿಲ್ಲದೆ ಬಾಯ್ಲರ್ ಆರಿಸುವಂತಿಲ್ಲ, ಅರ್ಜಿ ಒಳಗೆ ಹೋಗದೆ ಅಪ್ಪಣೆಯಿಲ್ಲ. ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತಳು. “ಅಂದಾನಿ, ನೀ ಹೆಂಗರ ಬರಿ, ಬೆಸುಗಿ ಹಾಕಾವ ಬಂದ್ರ ಸಾಕು ನನಗ” ಎಂದಳು.

ನಾನು ಬರೆದೆ: ‘ಹಬೆ ವಿಭಾಗದ ಜೋಡಣೆಯಲ್ಲಿ ಮೌಲ್ಯವರ್ಧನೆಗೆ ವಿಪುಲ ಅವಕಾಶ ಗೋಚರಿಸಿದ್ದು, ತ್ವರಿತ ಸ್ಪಂದನೆ ಅಪೇಕ್ಷಣೀಯ.’ ಹದಗಾರ ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರಾಯಿತು. ನೋಡಕ್ಕಾ, ಹೀಗೆ ಬರೆಯಬೇಕು ಎಂದು ಜಂಬ ಕೊಚ್ಚಿಕೊಂಡೆ.

ನಾಲ್ಕನೆಯ ದಿನ ಮೇಲಿನವರು ಬಂದರು. ಬೆಸುಗೆಯವನು ಬರಲಿಲ್ಲ, ಶಾಲು ಬಂತು. ಅವಕಾಶ ಗುರುತಿಸಿದವರನ್ನು ಸನ್ಮಾನಿಸುವುದು ಇಲ್ಲಿಯ ಕ್ರಮ. ಸೋರುತ್ತಿದ್ದ ಬಾಯ್ಲರ್ ಮುಂದೆಯೇ ಕುರ್ಚಿ ಹಾಕಿ ಅಕ್ಕನಿಗೆ ‘ಅವಕಾಶ ರತ್ನ’ ಕೊಟ್ಟರು. ಅವಳು ಮೈಕಿನಲ್ಲಿ ಹೇಳಿದ್ದು ಒಂದೇ ಮಾತು: “ಶಾಲು ಬ್ಯಾಡ್ರೀ ಯಪ್ಪಾ, ಬೆಸುಗಿ ಹಾಕಾವ್ನ ಕಳಸ್ರಿ.” ಸಭೆಯಲ್ಲಿ ಪ್ರತಿ ವಾಕ್ಯಕ್ಕೂ ಚಪ್ಪಾಳೆ ತಟ್ಟುವುದು ನಮ್ಮ ಪದ್ಧತಿ. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ಆಗ ಅವಳು ನನ್ನ ಕಡೆ ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಅನ್ನಕ್ಕೆ ಹಬೆ ಬಿಡುವ ಹೊತ್ತಿಗೆ ಬಾಯ್ಲರ್‌ನ ಸದ್ದು ಬದಲಾಯಿತಂತೆ. ಜೊತೆಗಿದ್ದ ಹೆಂಗಸರನ್ನು ಪಲ್ಲೆ ಸೋಸುವ ನೆವ ಹೇಳಿ ಹಿತ್ತಲಿಗೆ ಅಟ್ಟಿ, ತಾನೊಬ್ಬಳೇ ವಾಲ್ವ್ ತಿರುಗಿಸಲು ಹೋದಳು. ಹೆಂಗಸರೆಲ್ಲ ಉಳಿದರು.

ಮಧ್ಯಾಹ್ನ ಮನೆಗೆ ಸಂದೇಶ ಬಂತು: ‘ಫಕೀರವ್ವ ಅವರ ಸಹಭಾಗಿತ್ವದ ಪಯಣ ಯಶಸ್ವಿಯಾಗಿ ಸಮಾರೋಪಗೊಂಡಿದೆ.’ ಅದು ನಾನೇ ಕಟ್ಟಿಕೊಟ್ಟಿದ್ದ ವಾಕ್ಯ. ಎಷ್ಟೋ ಮನೆಗಳಿಗೆ ಹೋಗಿತ್ತು, ಈಗ ನಮ್ಮ ಮನೆಗೂ ಬಂತು. ಅವ್ವ ಅದನ್ನು ಎರಡು ಸಲ ಓದಿಸಿದಳು. ಹಾಗೆಂದರೇನು ಎಂದು ಕೇಳಿದಳು. ನಾನು ಬಾಯಿ ತೆರೆದೆ. ಸಮಾರೋಪ ಎಂದೆ, ಪೂರ್ಣತೆ ಎಂದೆ. ಬೇಕಾದ ಪದ ಬಾಯಿಗೆ ಬರಲೇ ಇಲ್ಲ. ಅವ್ವ ನನ್ನ ಅಂಗಿ ಹಿಡಿದು ಜಗ್ಗಿದಳು. “ಸತ್ಲು ಅನ್ನಾಕ ಬಾಯಿಲ್ಲೇನೋ ನಿನಗ, ಭಾಡ್ಯಾ!” ಎಂದು ಎದೆ ಬಡಿದುಕೊಂಡಳು.

ತನಿಖೆಯ ಹೇಳಿಕೆಯನ್ನು ನಾನೇ ಬರೆಯಬೇಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಐದು ಸಲ ಕೆಂಪಾಗಿ ವಾಪಸು ಬಂತು. ಅದನ್ನು ತಿದ್ದಿಕೊಡಲು ಹೊಸ ಪದಸಹಾಯಕನೊಬ್ಬನನ್ನು ಕಳಿಸಿದ್ದಾರೆ. ಬಹಳ ವಿನಯದ ಮನುಷ್ಯ.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ, ಅಕ್ಕನ ‘ಅವಕಾಶ ರತ್ನ’ದ ಬೆನ್ನ ಮೇಲೆ. ನಿಮ್ಮಲ್ಲಿ ಇನ್ನೂ ಹದಗಾರನಿಲ್ಲ. ನಾಳೆ ನಿಮ್ಮ ಕಚೇರಿಯಲ್ಲಿ ಯಾರಾದರೂ ಎದ್ದು ನಿಂತು ‘ಸುಧಾರಣೆಗೆ ಅವಕಾಶವಿದೆ’ ಎಂದರೆ ದಯವಿಟ್ಟು ತಲೆಯಾಡಿಸಬೇಡಿ. ಏನಪ್ಪಾ ಕೆಟ್ಟಿದೆ, ಯಾರಿಗೆ ಪೆಟ್ಟಾಗುತ್ತದೆ ಎಂದು ಕೇಳಿ. ಒರಟ ಎಂದರೆ ಅನ್ನಿಸಿಕೊಳ್ಳಿ. ಇನ್ನೊಂದು ಬೇಡಿಕೆ. ಇಲ್ಲಿ ಯಾವ ಕಡತದಲ್ಲೂ ಇರದ ಈ ನಾಲ್ಕು ಮಾತನ್ನು ನೀವಾದರೂ ಗಟ್ಟಿಯಾಗಿ ಓದಿ:

ಬೆಸುಗೆ ಬಿಟ್ಟಿತ್ತು. ಅವಳು ಹೇಳಿದ್ದಳು. ನಾನು ಚಪ್ಪಾಳೆ ತಟ್ಟಿದೆ. ನನ್ನ ಅಕ್ಕ ಸತ್ತಳು.