ಮೊದಲು ಇಳಿಯುವವರು

ಶಾಲೆಯ ಸ್ಟಾಫ್ ರೂಮು
ಬುಧವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಪುಟ್ಟೀ,

ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಎಲ್ಲಾ ಚೆನ್ನಾಗಿದೆ ಎಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ನಾನೂ ಅಪ್ಪನೂ ಮನೆ ಬಿಟ್ಟು ಬಂದಿದ್ದೇವೆ. ಇಬ್ಬರಿಗೂ ಏನೂ ಆಗಿಲ್ಲ.

ನಮ್ಮ ಕಟ್ಟಡದ ಮೆಟ್ಟಿಲ ಗೋಡೆ ಹೋದ ತಿಂಗಳು ಬಿರುಕು ಬಿಟ್ಟಿತು. ಇಂಜಿನಿಯರ್ ಬಂದು ಅದಕ್ಕೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದರು. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ, ಆಮೇಲೆ ಒಬ್ಬರೂ ಒಳಗಿರಬೇಡಿ ಎಂದು ಹೇಳಿ ಹೋದರು. ಭಾನುವಾರ ಬೆಳಿಗ್ಗೆ ಹಾಲು ತರಲು ಇಳಿದಾಗ ಗಾಜು ಎರಡು ಹೋಳಾಗಿತ್ತು.

ಹನ್ನೆರಡು ಮನೆಯವರೂ ನೋಡಿದರು. ಒಬ್ಬರೂ ಕದಲಲಿಲ್ಲ. ನಿನ್ನಪ್ಪ, “ಮೇಲಿನ ಮನೆ ಮೇಸ್ತ್ರಿ ಇನ್ನೂ ಇದ್ದಾನಲ್ಲ. ಅವನಿಗೆ ಗೊತ್ತಾಗದ್ದು ನಿಂಗೇನು ಗೊತ್ತಾಗತ್ತೆ?” ಎಂದರು. ಜೀವಮಾನವೆಲ್ಲ ಗೋಡೆ ಕಟ್ಟಿದವನು ಸುಮ್ಮನಿದ್ದಾನೆ ಎಂದು ನಾನೂ ಎರಡು ದಿನ ಸುಮ್ಮನಿದ್ದೆ.

ನಿನ್ನೆ ಸಂಜೆ ಮುಂಬಾಗಿಲು ಹಾಕಲು ಹೋದರೆ ಚೌಕಟ್ಟಿನಲ್ಲಿ ಕೂರಲಿಲ್ಲ. ಮೇಲೆ ಹೋಗಿ ಮೇಸ್ತ್ರಿಯನ್ನೇ ಕೇಳಿದೆ. ಅವನು ತಲೆ ಕೆರೆದುಕೊಂಡು, “ನಂಗೂ ಪುಕುಪುಕು ಅಂತಿದೆ ಟೀಚರಮ್ಮ. ಆದ್ರೆ ಲೆಕ್ಕ ಹೇಳ್ಕೊಡೋ ನೀವೇ ಕದಲಿಲ್ಲ ಅಂದ್ಮೇಲೆ ಏನೂ ಇರಲ್ಲ ಅಂದ್ಕೊಂಡೆ” ಎಂದ.

ಆಗ ನಿನ್ನ ಮಾತು ನೆನಪಾಯಿತು ಪುಟ್ಟೀ. ಜನ ತಾವೇ ಲೆಕ್ಕ ಹಾಕಿ ನಿರ್ಧರಿಸುವುದಿಲ್ಲ, ಪಕ್ಕದವನಿಗೆ ಗೊತ್ತಿರಬೇಕು ಅಂದುಕೊಳ್ಳುತ್ತಾರೆ, ಆ ಪಕ್ಕದವನೂ ಹಾಗೇ ಅಂದುಕೊಂಡಿರುತ್ತಾನೆ ಎಂದು ನೀನು ನಿನ್ನ ಅರ್ಥಶಾಸ್ತ್ರದ ಪ್ರಬಂಧ ಓದಿ ಹೇಳಿದಾಗ, ಇದಕ್ಕೂ ಡಾಕ್ಟರೇಟ್ ಕೊಡುತ್ತಾರಾ ಎಂದು ನಕ್ಕಿದ್ದೆ.

ಇವತ್ತು ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತು ನೋಡಿಕೊಂಡು, ದೊಡ್ಡ ಸೂಟ್‌ಕೇಸ್ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಇಳಿದೆ. ಒಳಗಿದ್ದದ್ದು ಬರೀ ದಿಂಬು! ಹಿಂದೆ ಅಪ್ಪ, ಮಾನ ಕಳೀತೀಯ ಎಂದು ಗೊಣಗುತ್ತಾ. ಆಮೇಲೆ ಮೇಸ್ತ್ರಿ ಇಳಿದ. ಅವನನ್ನು ನೋಡಿ ಉಳಿದವರು. ಕೊನೆಗೆ ಮೊದಲ ಮಹಡಿಯ ದರ್ಜಿ, ಹೆಂಡತಿಯೊಂದಿಗೆ ಹೊಲಿಗೆ ಯಂತ್ರ ಹೊತ್ತುಕೊಂಡು. ಹತ್ತು ಗಂಟೆಗೆ ಕಟ್ಟಡ ಖಾಲಿ. ಎಲ್ಲರೂ ಎದುರಿನ ನಮ್ಮ ಶಾಲೆಯಲ್ಲಿದ್ದೇವೆ. ನೀನು ಹೆದರಬೇಡ.

ನಿನ್ನ
ಅಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅಪ್ಪನ ಬಿಪಿ ಮಾತ್ರೆ ತರಲು, ಎರಡೇ ನಿಮಿಷವೆಂದು, ಮಧ್ಯಾಹ್ನ ನಾನು ಮತ್ತೆ ಮನೆಗೆ ಹೋಗಿ ಬಂದೆ. ದರ್ಜಿಯ ಹೆಂಡತಿ ನೋಡಿದಳು. ಈಗ ಗಂಡ ಹೆಂಡತಿ ಯಂತ್ರ ಎತ್ತಿಕೊಂಡು ವಾಪಸ್ ಹೋಗಿದ್ದಾರೆ. ಕೂಗಿದರೆ, “ನೀವೇ ಹೋಗ್ಬಂದ್ರಲ್ಲ ಟೀಚರಮ್ಮ” ಎಂದು ನಕ್ಕಳು. ಕರೆತರಲು ಮೇಸ್ತ್ರಿ ಹೋಗಿದ್ದಾನೆ. ನಾನು ಬರುತ್ತೇನೆಂದರೆ ತಡೆದ. “ನೀವು ಹತ್ತಿದ್ರೆ ಎಲ್ರೂ ಹತ್ತಾರೆ” ಎಂದ. ಕಿಟಕಿಯ ಬಳಿ ನಿಂತೇ ಇದನ್ನು ಬರೆಯುತ್ತಿದ್ದೇನೆ. ಹತ್ತು ನಿಮಿಷವಾಯಿತು. ಇನ್ನೂ ಯಾರೂ ಇಳಿದಿಲ್ಲ.